ಜೆಫರ್ಸನ್ ಬೀದಿಯ ಗೋದಾಮು

ಹೋದ ತಿಂಗಳು ನನ್ನ ಮಗಳು ಹೊಸದೊಂದು ಹಾಡು ಕಳಿಸಿ, "ಅಪ್ಪಾ, ಇದನ್ನ ಪೂರ್ತಿ ಕೇಳು, ಅಳು ಬರತ್ತೆ" ಎಂದಳು. ಮೆಲೋಡಿಕ್ ಹೌಸ್ ಎಂದು ಇದರ ಜಾತಿ. ಇಲ್ಲಿ ಬೆಳೆದ ನಮ್ಮ ಮಕ್ಕಳು ಕಾರಿನಲ್ಲಿ ಹಾಕಿಕೊಂಡು ಹೋಗುವಾಗ ನಮಗೆ ಬರೀ 'ಡುಬ್ ಡುಬ್' ಎಂದು ಕೇಳಿಸುವುದು ಇದೇ. ಏಳು ನಿಮಿಷ ಒಂದೇ ಸಮನಾದ ಬಡಿತ, ಮಾತು ಹೆಚ್ಚುಕಡಿಮೆ ಇಲ್ಲ. ನಡುವೆ ಒಂದು ಕಡೆ ಬಡಿತ ನಿಂತು ಸ್ವರಗಳಷ್ಟೇ ತೇಲುತ್ತವೆ. ಅದು ಮತ್ತೆ ಬಂದು ಸೇರಿದಾಗ ಎದೆ ತುಂಬುತ್ತದೆ. ಭಜನೆಯಲ್ಲಿ ತಾಳ ನಿಲ್ಲಿಸಿ ಒಬ್ಬರೇ ಒಂದು ಸಾಲನ್ನು ಎಳೆದು ಹಾಡಿ, ಆಮೇಲೆ ಎಲ್ಲರ ತಾಳ ಒಮ್ಮೆಗೇ ಬಿದ್ದಾಗ ಆಗುವುದೂ ಇದೇ ಅಲ್ಲವೇ? ಯಂತ್ರದ ಸಂಗೀತಕ್ಕೆ ಈ ಒದ್ದೆತನ ಎಲ್ಲಿಂದ ಬಂತೆಂದು ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಅದು ಹುಟ್ಟಿದ್ದು ನಾವಿರುವ ಶಿಕಾಗೋದಲ್ಲಿ.

ದಕ್ಷಿಣ ಜೆಫರ್ಸನ್ ಬೀದಿಯ 206ನೇ ನಂಬರಿನ ಕಟ್ಟಡದಲ್ಲಿ 1977ರಲ್ಲಿ 'ವೇರ್‌ಹೌಸ್' ಎಂಬ ಕ್ಲಬ್ ಶುರುವಾಯಿತು. ಹೆಸರೇ ಹೇಳುವಂತೆ ಗೋದಾಮು. ಹೆಂಡವಿಲ್ಲ, ಹಣ್ಣಿನ ರಸ, ನೀರು. ಶನಿವಾರ ರಾತ್ರಿ ಬಂದವರು ಭಾನುವಾರ ಹೊತ್ತೇರಿದ ಮೇಲೆ ಹೊರಡುತ್ತಿದ್ದರು. ಬರುತ್ತಿದ್ದವರಲ್ಲಿ ಹೆಚ್ಚಿನವರು ಕರಿಯರು ಮತ್ತು ಲ್ಯಾಟಿನೋ ಸಲಿಂಗಿಗಳು. ಮನೆಯಲ್ಲೂ ಚರ್ಚಿನಲ್ಲೂ ತಾವು ಇಂಥವರೆಂದು ಹೇಳಿಕೊಳ್ಳಲಾಗದೆ ಬಂದವರು ಅವರಲ್ಲಿ ಎಷ್ಟೋ ಮಂದಿ. ಅವರಿಗೆ ಹಾಡು ನುಡಿಸುತ್ತಿದ್ದವರು ನ್ಯೂಯಾರ್ಕಿನಿಂದ ಬಂದ ಫ್ರ್ಯಾಂಕಿ ನಕಲ್ಸ್. ಅಲ್ಲಿ ನುಡಿಸುವಂಥ ಸಂಗೀತವೆಂದು ಅಂಗಡಿಗಳಲ್ಲಿ ಕೇಳಿ ಕೇಳಿ, ವೇರ್‌ಹೌಸ್ ಸಂಗೀತ ಬಾಯಿಯಲ್ಲಿ ಸವೆದು 'ಹೌಸ್' ಆಯಿತು.

1979ರ ಜುಲೈ 12ರಂದು ಇದೇ ಊರಿನ ಕೊಮಿಸ್ಕಿ ಪಾರ್ಕಿನಲ್ಲಿ ಬೇಸ್‌ಬಾಲ್ ಪಂದ್ಯ, ಎದುರಾಳಿ ಡೆಟ್ರಾಯಿಟ್ ತಂಡ. ಡಿಸ್ಕೊ ತಟ್ಟೆಯೊಂದನ್ನು ತಂದವರಿಗೆ ಪ್ರವೇಶ ಬರೀ 98 ಸೆಂಟು. ಎರಡು ಪಂದ್ಯಗಳ ನಡುವೆ ರೇಡಿಯೋದ ಸ್ಟೀವ್ ಡಾಲ್ ಆ ತಟ್ಟೆಗಳ ರಾಶಿಯನ್ನು ಮೈದಾನದಲ್ಲೇ ಸಿಡಿಸಿದರು. ಜನ ನುಗ್ಗಿ ಮೈದಾನ ಕಿತ್ತುಹೋಗಿ ಎರಡನೇ ಪಂದ್ಯವನ್ನು ಆಡದೆಯೇ ಡೆಟ್ರಾಯಿಟಿಗೆ ಕೊಡಬೇಕಾಯಿತು. (ಇಲ್ಲಿ ಡಿಸ್ಕೊಗೆ ತಿಥಿ ಮಾಡಿದ ಮರುವರ್ಷ ನಮ್ಮಲ್ಲಿ 'ಕುರ್ಬಾನಿ' ಬಂದು ಊರೂರು ಕುಣಿಯಿತು.) ಆ ದಿನ ಅಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುತ್ತಿದ್ದ ಕರಿಯ ಹುಡುಗ ವಿನ್ಸ್ ಲಾರೆನ್ಸ್, ಸಿಂಥಸೈಜರ್ ಕೊಳ್ಳಲು ದುಡ್ಡು ಕೂಡಿಸುತ್ತಿದ್ದ. ಜನ ತಂದ ತಟ್ಟೆಗಳಲ್ಲಿ ಬಹಳಷ್ಟು ಡಿಸ್ಕೊ ಅಲ್ಲವೇ ಅಲ್ಲ, ಕರಿಯರು ಹಾಡಿದ್ದು ಅಷ್ಟೇ ಎಂಬುದು ಅವನ ಕಣ್ಣಿಗೆ ಬಿತ್ತು. ಐದು ವರ್ಷದ ಮೇಲೆ, 1984ರಲ್ಲಿ, ಜೆಸ್ಸಿ ಸಾಂಡರ್ಸ್ ಜೊತೆ ಸೇರಿ ಅವನು ಮಾಡಿದ 'ಆನ್ ಅಂಡ್ ಆನ್' ಹಾಡನ್ನೇ ಮೊದಲ ಹೌಸ್ ತಟ್ಟೆಯೆಂದು ಬಹಳ ಮಂದಿ ಎಣಿಸುತ್ತಾರೆ.

ಹೊಸ ಡಿಸ್ಕೊ ತಟ್ಟೆಗಳು ಬರುವುದು ಕಡಿಮೆಯಾದಾಗ ನಕಲ್ಸ್ ಹಳೆಯ ಹಾಡುಗಳನ್ನೇ ಟೇಪಿನಲ್ಲಿ ಕತ್ತರಿಸಿ ಜೋಡಿಸಿ ಉದ್ದ ಮಾಡಿದರು. ಆಮೇಲೆ ಡ್ರಮ್ ಯಂತ್ರ ಬಂತು. ಜಪಾನಿನ ರೋಲಂಡ್ ಕಂಪನಿಯ 808, 909, 303 ಯಂತ್ರಗಳು ನಿಜವಾದ ವಾದ್ಯದಂತೆ ಕೇಳಿಸದ ಕಾರಣ ಸೋತು, ಹಳೇ ಸಾಮಾನಿನ ಅಂಗಡಿ ಸೇರಿದ್ದವು. ಬಡ ಹುಡುಗರ ಕೈಗೆಟುಕಿದ್ದು ಹಾಗೆ.

1986ರಲ್ಲಿ ಡ್ರಮ್ ವಾದಕರಾಗಿದ್ದ ಲ್ಯಾರಿ ಹರ್ಡ್, ಮಿಸ್ಟರ್ ಫಿಂಗರ್ಸ್ ಎಂಬ ಹೆಸರಿನಲ್ಲಿ 'ಕ್ಯಾನ್ ಯೂ ಫೀಲ್ ಇಟ್' ತಂದರು. ಮಗಳು ಕಳಿಸಿದ ಹಾಡಿನ ಅಜ್ಜ ಇದೇ ಎನ್ನುವೆ. ಕೆಳಗೆ ಉರುಳುವ ಬೇಸ್, ಮೇಲೆ ನಿಧಾನವಾಗಿ ಸರಿಯುವ ಕೆಲವೇ ಸ್ವರಗುಚ್ಛಗಳು. ಒಂದೇ ಸಾಲಿನ ಮೇಲೆ ನಿಂತು ನೆರವಲ್ ಮಾಡಿದಂತೆ, ಹಾಡು ಎಲ್ಲಿಗೂ ಹೋಗುವುದಿಲ್ಲ, ಆಳಕ್ಕೆ ಇಳಿಯುತ್ತದೆ. ಕುಣಿತದ ಹಾಡೇ ಹೌದು. ಆದರೆ ಏಡ್ಸ್ ಬಂದು ಅದೇ ಅಂಗಳದ ಗೆಳೆಯರು ಒಬ್ಬೊಬ್ಬರಾಗಿ ಹೋಗುತ್ತಿದ್ದ ವರ್ಷಗಳವು. ಖುಷಿಯೊಳಗೆ ಕೂತ ಆ ಸಂಕಟವನ್ನು ನಾನು ಕೇಳದೆ ಇರಲಾರೆ.

ಇಲ್ಲಿಂದ ಐ-94 ಹೆದ್ದಾರಿ ಹಿಡಿದು ಪೂರ್ವಕ್ಕೆ ನಾಲ್ಕೈದು ಗಂಟೆ ಹೋದರೆ, ಡೆಟ್ರಾಯಿಟ್ ವಿಮಾನ ನಿಲ್ದಾಣಕ್ಕೆ ಸ್ವಲ್ಪ ಮೊದಲು ಬೆಲ್‌ವಿಲ್ ಎಂಬ ಸಣ್ಣ ಊರು. ಪಂಪ ಕನ್ನಡ ಕೂಟದ ಸ್ನೇಹಿತರ ಮನೆಗೆ ಹೋಗುವಾಗ ಎಷ್ಟು ಸಲ ಅದನ್ನು ದಾಟಿದ್ದೇನೋ. ಅಲ್ಲಿನ ಶಾಲೆಯಲ್ಲಿ ಓದಿದ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಸೇರಿ ಟೆಕ್ನೊ ಕಟ್ಟಿದರು. ಮೇ ಅವರು ಶಿಕಾಗೋಗೆ ಬಂದು ನಕಲ್ಸ್ ಅವರಿಗೆ ಒಂದು 909 ಮಾರಿದರಂತೆ. 1987ರ ಅವರ 'ಸ್ಟ್ರಿಂಗ್ಸ್ ಆಫ್ ಲೈಫ್' ಹುಟ್ಟಿದ್ದು ಗೆಳೆಯ ಮೈಕೆಲ್ ಜೇಮ್ಸ್ ನುಡಿಸಿದ್ದ ಪಿಯಾನೋ ತುಣುಕಿನಿಂದ. ಅದರಲ್ಲಿ ಬೇಸ್ ಇಲ್ಲವೇ ಇಲ್ಲ, ನೆಲವೇ ಇಲ್ಲದ ಮನೆಯಂತೆ. ಕಾರು ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ ಊರಿನಲ್ಲಿ ಅದು ಹೇಗೆ ಕೇಳಿಸಿತೋ!

ಯಂತ್ರವೇ ಇದನ್ನೆಲ್ಲ ಮಾಡಿತೆನ್ನುವವರಿಗೆ ನಾನು ಚರಣ್‌ಜಿತ್ ಸಿಂಗ್ ಹೆಸರು ಹೇಳುತ್ತೇನೆ. ಮುಂಬಯಿಯ ಸಿನಿಮಾ ವಾದ್ಯವೃಂದದ ಅವರು 1982ರಲ್ಲೇ ಅದೇ 808, 303 ಇಟ್ಟುಕೊಂಡು ಭೈರವಿ, ಯಮನ್, ಮಾಲ್‌ಕೌಂಸ್ ಸೇರಿ ಹತ್ತು ರಾಗಗಳನ್ನು ನುಡಿಸಿ ತಟ್ಟೆ ಮಾಡಿದರು. ಇಂದು ಕೇಳಿದರೆ ಶಿಕಾಗೋದ್ದೇ ಎನ್ನಬೇಕು. ಆಗ ಕೊಳ್ಳುವವರಿರಲಿಲ್ಲ, 2010ರಲ್ಲಿ ಮರುಮುದ್ರಣವಾದ ಮೇಲೆ ಜಗತ್ತು ಕೇಳಿತು. ಮುಂಬಯಿಯಲ್ಲಿ ಯಂತ್ರವಿತ್ತು, ರಾಗವಿತ್ತು, ವಿದ್ಯೆಯಿತ್ತು. ಆ ಸಂಗೀತ ಇಲ್ಲದಿದ್ದರೆ ನಮಗೆ ಬೇರೆ ಜಾಗವಿಲ್ಲ ಎನ್ನುವ ಜನ ತುಂಬಿದ ಗೋದಾಮು ಇರಲಿಲ್ಲ.

ದುಡ್ಡಿನ ಮಾತೂ ಇದೆ. ಲ್ಯಾರಿ ಹರ್ಡ್ ಮತ್ತು ಗಾಯಕ ರಾಬರ್ಟ್ ಓವೆನ್ಸ್, ತಮಗೆ ಸಲ್ಲಬೇಕಾದ ಗೌರವಧನ ಬಂದೇ ಇಲ್ಲವೆಂದು ಟ್ರ್ಯಾಕ್ಸ್ ರೆಕಾರ್ಡ್ಸ್ ಮೇಲೆ 2020ರಲ್ಲಿ ದಾವೆ ಹೂಡಿದರು. 2022ರಲ್ಲಿ ರಾಜಿಯಾಗಿ ಹಾಡುಗಳ ಹಕ್ಕು ಕೈಗೆ ಮರಳಿತು. ನಕಲ್ಸ್ 2014ರಲ್ಲಿ ತೀರಿಕೊಂಡಿದ್ದರು. ಗೋದಾಮಿನ ಕಟ್ಟಡವನ್ನು ನಗರಸಭೆ 2023ರಲ್ಲಿ ಸ್ಮಾರಕವೆಂದು ಘೋಷಿಸಿತು. ನೇಪರ್‌ವಿಲ್ ಕಡೆಯಿಂದ ಬೆಳಗಿನ ರೈಲು ಹಿಡಿದು ಯೂನಿಯನ್ ಸ್ಟೇಷನ್ನಿನಲ್ಲಿ ಇಳಿಯುವ ನಮ್ಮವರು ಹೊಳೆ ದಾಟಿ ಪೂರ್ವಕ್ಕೆ, ಆಫೀಸುಗಳ ಕಡೆಗೆ ನಡೆಯುತ್ತಾರೆ. ಅದು ಇರುವುದು ಪಶ್ಚಿಮಕ್ಕೆ, ಎರಡೇ ಬೀದಿ ಆಚೆ.