ಹಳೇ ಕೇಸ್‌ನಲ್ಲಿ ಶಿಕ್ಷೆ ಆಗಿದ್ರೆ ಟೂರಿಸ್ಟ್ ವೀಸಾ ಸಿಗುತ್ತಾ? ಅರ್ಜಿ ಹಾಕೋ ಮುಂಚೆ ಇದನ್ನ ಓದಿ

ಜಿನನಾಥಪುರ: ಶಾಂತಿನಾಥ ಬಸದಿ ನೋಡೋಕೆ ಹೊರದೇಶದವರು ನಮ್ಮ ಕಡೆ ಬರೋದು ಹಳೇ ವಿಷಯ. ಈಗ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಭಾಗದವರೂ ಮಗಳ ಬಾಣಂತನಕ್ಕೆ, ಮಗನ ಮನೆ ನೋಡೋಕೆ ಅಂತ ಅಮೆರಿಕ, ಲಂಡನ್‌ಗೆ ಹೊರಡುತ್ತಿದ್ದಾರೆ. ಆದರೆ ಕೆಲವರಿಗೆ ಒಂದು ಅಳುಕು ಇದ್ದೇ ಇರುತ್ತೆ. ಹದಿನೈದು ಇಪ್ಪತ್ತು ವರ್ಷದ ಹಿಂದೆ ಇಸ್ಪೀಟ್ ಕೇಸಲ್ಲೋ, ಜಮೀನಿನ ಗಲಾಟೆಯಲ್ಲೋ, ಚೆಕ್ ಬೌನ್ಸ್‌ನಲ್ಲೋ ಕೋರ್ಟ್ ಮೆಟ್ಟಿಲು ಹತ್ತಿದ್ದು ಈಗ ಅಡ್ಡ ಬರುತ್ತಾ?

ಹಳೇ ಸಣ್ಣ ಕೇಸ್ ಇದೆ ಅನ್ನೋ ಒಂದೇ ಕಾರಣಕ್ಕೆ ಎಲ್ಲ ದೇಶಗಳೂ ವೀಸಾ ನಿರಾಕರಿಸಲ್ಲ. ಆದರೆ ಅದನ್ನ ಮುಚ್ಚಿಟ್ಟು ಸಿಕ್ಕಿಬಿದ್ದರೆ ಪರಿಣಾಮ ಮೂಲ ಕೇಸ್‌ಗಿಂತ ದೊಡ್ಡದು.

ಫೈನ್ ಕಟ್ಟಿದ್ರೂ ಅದು ಶಿಕ್ಷೆಯೇ

"ಫೈನ್ ಕಟ್ಟಿ ಬಂದ್ವಿ, ಕೇಸ್ ಮುಗೀತು" ಅಂತ ಬಹಳ ಜನ ಹೇಳ್ತಾರೆ. ಕೋರ್ಟ್‌ನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೆ ಕಾನೂನಿನ ಲೆಕ್ಕದಲ್ಲಿ ನೀವು ಅಪರಾಧಿ ಅಂತ ತೀರ್ಮಾನ ಆಗಿದೆ. ಜೈಲಿಗೆ ಹೋಗಿರಲೇಬೇಕು ಅಂತೇನಿಲ್ಲ.

ಅಂಗಡಿಯವರು ಗಮನಿಸಬೇಕಾದ್ದು ಚೆಕ್ ಬೌನ್ಸ್. ಇದು ಕ್ರಿಮಿನಲ್ ಕೇಸ್. ಲೋಕ ಅದಾಲತ್‌ನಲ್ಲೋ ಕೋರ್ಟ್‌ನಲ್ಲೋ ಕಾನೂನು ಪ್ರಕಾರ ರಾಜಿ ದಾಖಲಾಗಿದ್ದರೆ ಅದು ಬಿಡುಗಡೆಗೆ ಸಮ. ತೀರ್ಪಾಗಿ ದಂಡ ಬಿದ್ದಿದ್ದರೆ ಅದು ಶಿಕ್ಷೆ. ಇನ್ನು ಕೆಲವರು ಜಾಮೀನು ತಗೊಂಡು ಒಂದೆರಡು ವಾಯಿದೆಗೆ ಹೋಗಿ ಸುಮ್ಮನಾಗಿರ್ತಾರೆ. ಅಂಥ ಕೇಸ್ ಮುಗಿದಿರಲ್ಲ, ವಾರಂಟ್ ಇದ್ದರೂ ಇರಬಹುದು.

ಮೊದಲ ಕೆಲಸ: ತೀರ್ಪಿನ ನಕಲು

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು, ಕೇಸ್ ನಂಬರ್ ಅಥವಾ ಎಫ್‌ಐಆರ್ ನಂಬರ್ ಹಾಕಿ ನೋಡಿ. ಬಹಳ ಹಳೇದು ಅಲ್ಲಿ ಸಿಗದೇ ಇರಬಹುದು. ಆಗ ಕೇಸ್ ನಡೆದ ಕೋರ್ಟ್‌ನಲ್ಲೇ ವಕೀಲರ ಮೂಲಕ ನಕಲು ಅರ್ಜಿ ಹಾಕಿ, ತೀರ್ಪಿನ ದೃಢೀಕೃತ ಪ್ರತಿ ಪಡೆಯಿರಿ. ದಂಡ ಕಟ್ಟಿದ ರಸೀದಿ ಇದ್ದರೆ ಎತ್ತಿಡಿ. ಕಡತ ನಾಶವಾಗಿದೆ ಅಂದರೆ ಹಾಗೆಂದು ಹಿಂಬರಹ ಕೇಳಿ. ತಾಲ್ಲೂಕು ಕೋರ್ಟ್‌ನ ತೀರ್ಪು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಅನುವಾದಕರ ಹೆಸರು, ವಿಳಾಸ, ಸಹಿ, ದಿನಾಂಕ ಅದರಲ್ಲಿ ಇರಲಿ.

ಪಾಸ್‌ಪೋರ್ಟ್ ಕೇಳೋದು 5 ವರ್ಷದ ಲೆಕ್ಕ

1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಅರ್ಜಿ ಹಾಕೋ ಹಿಂದಿನ 5 ವರ್ಷದೊಳಗೆ ನೈತಿಕ ಅಧಃಪತನದ ಅಪರಾಧಕ್ಕೆ ಕನಿಷ್ಠ 2 ವರ್ಷ ಜೈಲು ಶಿಕ್ಷೆ ಆಗಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಹಾಗಾಗಿ ಹತ್ತು ವರ್ಷದ ಹಿಂದಿನ 200 ರೂಪಾಯಿ ದಂಡ ಈ ಅಡ್ಡಿಗೆ ಬರಲ್ಲ.

ಕೇಸ್ ಇನ್ನೂ ಕೋರ್ಟ್‌ನಲ್ಲಿ ಬಾಕಿ ಇದ್ದರೆ ವಿಷಯ ಬೇರೆ. ಅದೇ ಕೋರ್ಟ್‌ನಿಂದ ವಿದೇಶಕ್ಕೆ ಹೋಗಲು ಅನುಮತಿ ಆದೇಶ ತರಬೇಕು. 1993ರ ಆಗಸ್ಟ್ 25ರ ಕೇಂದ್ರದ ಅಧಿಸೂಚನೆ ಇದಕ್ಕೆ ದಾರಿ ಮಾಡಿದೆ. ಆದೇಶದಲ್ಲಿ ಅವಧಿ ಹೇಳದಿದ್ದರೆ 1 ವರ್ಷಕ್ಕೆ ಪಾಸ್‌ಪೋರ್ಟ್ ಕೊಡ್ತಾರೆ.

ಪೊಲೀಸ್ ವೆರಿಫಿಕೇಶನ್‌ಗೆ ಬಂದಾಗ ಹಳೇ ಕೇಸ್ ಮೇಲೆ ಬಂದರೆ ಗಾಬರಿ ಬೇಡ, ತೀರ್ಪಿನ ಪ್ರತಿ ಕೊಡಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಬೇಕಂತಲೇ ಸುಳ್ಳು ಬರೆದರೆ ಅಥವಾ ಮಾಹಿತಿ ಮುಚ್ಚಿಟ್ಟರೆ 12ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ವೀಸಾ ಕೇಳೋದು ಇಡೀ ಜೀವನದ ಲೆಕ್ಕ

ಜನ ಎಡವೋದು ಇಲ್ಲೇ. ಪಾಸ್‌ಪೋರ್ಟ್ ಬಂತಲ್ಲ, ಎಲ್ಲ ಕ್ಲಿಯರ್ ಆಯ್ತು ಅಂತ ವೀಸಾ ಫಾರಂನಲ್ಲೂ "ಇಲ್ಲ" ಅಂತ ಒತ್ತುತ್ತಾರೆ. ಪ್ರಶ್ನೆ ಒಂದೇ ಅಲ್ಲ.

ಅಮೆರಿಕ: ಡಿಎಸ್-160 ಫಾರಂ, ಯಾವಾಗಲಾದರೂ ಅರೆಸ್ಟ್ ಆಗಿದ್ದೀರಾ, ಶಿಕ್ಷೆ ಆಗಿದೆಯಾ ಅಂತ ಕೇಳುತ್ತೆ. ಕ್ಷಮಾದಾನ ಸಿಕ್ಕಿದ್ದರೂ ಹೇಳಬೇಕು. ಕೇಸ್ ಖುಲಾಸೆ ಆಗಿದ್ದರೂ ಅರೆಸ್ಟ್ ಆಗಿದ್ದರೆ ಉತ್ತರ "ಹೌದು". ಕಳ್ಳತನ, ವಂಚನೆಯಂಥ ಕೇಸ್ ಮತ್ತು ಗಾಂಜಾ ಕೇಸ್ ಅಡ್ಡಿಯಾಗುತ್ತವೆ. ಆದರೆ ಮಾದಕವಸ್ತು ಬಿಟ್ಟು ಬೇರೆ ಒಂದೇ ಒಂದು ಅಪರಾಧ, ಅದಕ್ಕೆ ಕಾನೂನಿನಲ್ಲಿ ಗರಿಷ್ಠ ಶಿಕ್ಷೆ 1 ವರ್ಷ ಮೀರದೆ, ನಿಮಗಾದ ಶಿಕ್ಷೆ 6 ತಿಂಗಳು ಮೀರದಿದ್ದರೆ ವಿನಾಯಿತಿ ಇದೆ.

ಬ್ರಿಟನ್: 12 ತಿಂಗಳು ಅಥವಾ ಹೆಚ್ಚು ಜೈಲು ಶಿಕ್ಷೆ ಆಗಿದ್ದರೆ, ಎಷ್ಟೇ ಹಳೇದಾದರೂ ನಿರಾಕರಣೆಯೇ ನಿಯಮ. ಅದಕ್ಕಿಂತ ಕಡಿಮೆ ಇದ್ದು, ಬಹಳ ವರ್ಷ ಕಳೆದಿದ್ದರೆ ದಾರಿ ಸುಲಭ.

ಕೆನಡಾ: ಗಂಭೀರವಲ್ಲದ ಒಂದೇ ಅಪರಾಧವಾದರೆ, ಶಿಕ್ಷೆ ಪೂರ್ತಿ ಮುಗಿದು 10 ವರ್ಷ ಆದ ಮೇಲೆ ವ್ಯಕ್ತಿ ಸುಧಾರಿಸಿದ್ದಾನೆ ಅಂತ ಪರಿಗಣಿಸಬಹುದು. 5 ವರ್ಷ ಆಗಿದ್ದರೆ ಪ್ರತ್ಯೇಕ ಅರ್ಜಿ ಹಾಕಬಹುದು.

ಆಸ್ಟ್ರೇಲಿಯಾ, ಜಪಾನ್: 1 ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆ ದೊಡ್ಡ ಅಡ್ಡಿ.

ನೇಪಾಳ, ಭೂತಾನ್: ಭಾರತೀಯರಿಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು.

ಸುಳ್ಳು ಹೇಳಿದ್ರೆ ಏನಾಗುತ್ತೆ?

ಸುಳ್ಳು ಹೇಳಿ ವೀಸಾ ಕೇಳಿದ್ದು ಗೊತ್ತಾದರೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷ ಬಾಗಿಲು ಹಾಕುತ್ತೆ. ಅಮೆರಿಕದಲ್ಲಿ ಇದು ಜೀವನಪರ್ಯಂತದ ಕಳಂಕ, ವಿಶೇಷ ವಿನಾಯಿತಿ ಸಿಗದ ಹೊರತು ಮತ್ತೆ ವೀಸಾ ಇಲ್ಲ. ದಂಡ ಕಟ್ಟಿ ಮುಗಿದಿದ್ದ ಇಸ್ಪೀಟ್ ಕೇಸ್ ಮುಚ್ಚಿಡೋಕೆ ಹೋಗಿ, ಮೊಮ್ಮಗುವನ್ನ ನೋಡೋ ಅವಕಾಶವೇ ಕಳ್ಕೊಂಡಂಗೆ ಆಗುತ್ತೆ.

ಫಾರಂ ತುಂಬೋದು ಏಜೆಂಟ್ ಆದರೂ ಜವಾಬ್ದಾರಿ ನಿಮ್ಮದೇ. ಸಬ್‌ಮಿಟ್ ಮಾಡೋ ಮುಂಚೆ ಪ್ರಿಂಟ್ ತೆಗೆಸಿ, ಓದೋಕೆ ಬರೋರ ಹತ್ತಿರ ಓದಿಸಿ. "ಅದನ್ನೆಲ್ಲ ಯಾರು ನೋಡ್ತಾರೆ, ಇಲ್ಲ ಅಂತ ಹಾಕಣ" ಅನ್ನೋ ಏಜೆಂಟ್‌ನ ಬಿಟ್ಟುಬಿಡಿ. ಟೂರಿಸ್ಟ್ ವೀಸಾಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳಿದರೂ ಹುಷಾರು. ಪಾಸ್‌ಪೋರ್ಟ್ ಸೇವಾ ನಿಯಮದ ಪ್ರಕಾರ ಅದು ಕೆಲಸ, ವಾಸ, ದೀರ್ಘಾವಧಿ ವೀಸಾ ಮತ್ತು ವಲಸೆಗೆ ಮಾತ್ರ, ಪ್ರವಾಸಕ್ಕೆ ಕೊಡಲ್ಲ.

ಅರ್ಜಿ ಜೊತೆ ಏನಿಡಬೇಕು?

* ತೀರ್ಪಿನ ದೃಢೀಕೃತ ಪ್ರತಿ ಮತ್ತು ಇಂಗ್ಲಿಷ್ ಅನುವಾದ
* ದಂಡದ ರಸೀದಿ ಅಥವಾ ಶಿಕ್ಷೆ ಮುಗಿದ ದಾಖಲೆ
* ಒಂದು ಪುಟದ ವಿವರಣೆ: ಯಾವ ವರ್ಷ, ಯಾವ ಸೆಕ್ಷನ್, ಏನು ಶಿಕ್ಷೆ, ಆಮೇಲೆ ಬೇರೆ ಕೇಸ್ ಇಲ್ಲದಿದ್ದರೆ ಆ ಮಾತು. ನೆಪ, ದೂರು ಬೇಡ
* ವಾಪಸ್ ಬರ್ತೀರಿ ಅನ್ನೋದಕ್ಕೆ ಪಹಣಿ, ಅಂಗಡಿ ಲೈಸೆನ್ಸ್, ಜಿಎಸ್‌ಟಿ, ಬ್ಯಾಂಕ್ ದಾಖಲೆ

ವೀಸಾ ಶುಲ್ಕ ಸಾಮಾನ್ಯವಾಗಿ ವಾಪಸ್ ಬರಲ್ಲ. ಅದಕ್ಕೇ ತೀರ್ಪಿನ ಪ್ರತಿ ಕೈಗೆ ಬಂದ ಮೇಲೆ ಫಾರಂ ತುಂಬಿ, ವೀಸಾ ಬಂದ ಮೇಲೆ ವಿಮಾನದ ಟಿಕೆಟ್ ಮಾಡಿಸಿ. ಸೆಕ್ಷನ್ ಅರ್ಥವಾಗದಿದ್ದರೆ ವಕೀಲರನ್ನ ಕೇಳಿ. ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೂ ವಿಚಾರಿಸಬಹುದು, ಸಹಾಯವಾಣಿ ನಂಬರ್ 15100.