ಎಕೋ ಯೋಜನೆ

ಎಕೋ ಯೋಜನೆ: ಕ್ಲಿಷ್ಟ ಪ್ರಕರಣ ಎದುರಾದಾಗ ಸಣ್ಣ ಊರುಗಳ ವೈದ್ಯರು ತಜ್ಞರ ತಂಡವೊಂದರ ಸಲಹೆ ಪಡೆದು, ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸದೆ ತಾವೇ ಚಿಕಿತ್ಸೆ ಮುಂದುವರಿಸಲು ನೆರವಾಗುವ ವ್ಯವಸ್ಥೆ. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಯಕೃತ್ ತಜ್ಞ, ಭಾರತ ಮೂಲದ ಸಂಜೀವ್ ಅರೋರಾ 2003ರಲ್ಲಿ ಅಲ್ಬುಕರ್ಕಿ ನಗರದಲ್ಲಿ ಇದನ್ನು ಆರಂಭಿಸಿದರು. ‘ಎಕ್ಸ್‌ಟೆನ್ಷನ್ ಫಾರ್ ಕಮ್ಯುನಿಟಿ ಹೆಲ್ತ್‌ಕೇರ್ ಔಟ್‌ಕಮ್ಸ್’ ಎಂಬುದರ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಹೃದಯದ ಎಕೋ ಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ.

ನ್ಯೂ ಮೆಕ್ಸಿಕೊ ರಾಜ್ಯ ವಿಸ್ತಾರದಲ್ಲಿ ಕರ್ನಾಟಕದ ಒಂದೂವರೆ ಪಟ್ಟಿಗೂ ಮಿಗಿಲು. ಜನಸಂಖ್ಯೆ ಆಗ 20 ಲಕ್ಷವನ್ನೂ ಮುಟ್ಟಿರಲಿಲ್ಲ. ಮರುಭೂಮಿ, ಬೆಟ್ಟಗಳ ನಡುವೆ ಚದುರಿದ ಊರುಗಳು, ಮೂಲನಿವಾಸಿಗಳ ನೆಲೆಗಳು. ಸುಮಾರು 28,000 ಮಂದಿಗೆ ಹೆಪಟೈಟಿಸ್ ಸಿ ಸೋಂಕು ಇತ್ತೆಂದು ಅಂದಾಜು. 2004ರ ವೇಳೆಗೆ ಅವರಲ್ಲಿ ಶೇ. 5ರಷ್ಟು ಜನರಿಗೂ ಚಿಕಿತ್ಸೆ ದೊರೆತಿರಲಿಲ್ಲ. ಅರೋರಾ ಅವರ ಕ್ಲಿನಿಕ್ಕಿನಲ್ಲಿ ಹೊಸ ರೋಗಿಯ ಸರದಿ ಬರಲು ಎಂಟು ತಿಂಗಳು ಕಾಯಬೇಕಿತ್ತು. ಹೆಪಟೈಟಿಸ್ ಸಿ ವರ್ಷಗಟ್ಟಲೆ ಸದ್ದಿಲ್ಲದೆ ಯಕೃತ್ತನ್ನು ಗಟ್ಟಿಯಾಗಿಸುತ್ತ ಹೋಗಿ, ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುವ ಕಾಯಿಲೆ. ಗುಣಪಡಿಸಬಹುದಾದ ರೋಗವೊಂದು ಬರಿಯ ದೂರದಿಂದಾಗಿ ಪ್ರಾಣ ತೆಗೆಯುತ್ತಿತ್ತು.

ಆ ಕಾಲದ ಚಿಕಿತ್ಸೆಯೂ ಸುಲಭದ್ದಲ್ಲ. ವಾರಕ್ಕೊಮ್ಮೆ ಇಂಟರ್‌ಫೆರಾನ್ ಚುಚ್ಚುಮದ್ದು, ದಿನವೂ ರೈಬಾವಿರಿನ್ ಮಾತ್ರೆ; ವೈರಸ್ಸಿನ ಬಗೆಗೆ ತಕ್ಕಂತೆ 24 ಇಲ್ಲವೇ 48 ವಾರ. ರೈಬಾವಿರಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹಿಮೋಗ್ಲೋಬಿನ್ ಇಳಿಯತೊಡಗಿದಾಗ ಔಷಧದ ಪ್ರಮಾಣ ತಗ್ಗಿಸಿದರೆ ವೈರಸ್ ಉಳಿದುಬಿಡಬಹುದು; ತಗ್ಗಿಸದಿದ್ದರೆ ಹೃದಯ ದುರ್ಬಲವಾಗಿರುವವರಿಗೆ ಅಪಾಯ. ಇಂಟರ್‌ಫೆರಾನ್‌ನಿಂದ ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ, ಕೆಲವರನ್ನು ತೀವ್ರ ಖಿನ್ನತೆ ಆವರಿಸುತ್ತದೆ. ಹಿಂದೆ ಖಿನ್ನತೆಯಿಂದ ಬಳಲಿದವರಿಗೆ ಈ ಔಷಧ ಶುರುಮಾಡಬಹುದೇ? ಯಕೃತ್ತು ಗಟ್ಟಿಯಾಗುವ ಸಿರೋಸಿಸ್‌ನಿಂದಾಗಿ ಮೊದಲೇ ಪ್ಲೇಟ್‌ಲೆಟ್ ಕಡಿಮೆಯಿರುವವರ ವಿಷಯದಲ್ಲಿ ಎಲ್ಲಿಯವರೆಗೆ ಧೈರ್ಯ ಮಾಡಬಹುದು? ಇವು ಪುಸ್ತಕ ತೆರೆದರೆ ತೀರುವ ಪ್ರಶ್ನೆಗಳಲ್ಲ. ಅಂಥ ನೂರಾರು ರೋಗಿಗಳನ್ನು ಕಂಡವರ ಅಂದಾಜು ಬೇಕು. ಅದನ್ನು ಹೊಂದಿದ್ದವರು ಅಲ್ಬುಕರ್ಕಿಯಲ್ಲಿದ್ದರು, ಬಹಳಷ್ಟು ರೋಗಿಗಳು ನೂರಾರು ಕಿಲೋಮೀಟರ್ ಆಚೆ.

ಅರೋರಾ ಅವರ ಉಪಾಯ ಸರಳವಾಗಿತ್ತು: ರೋಗಿ ಇದ್ದಲ್ಲೇ ಇರಲಿ, ಅನುಭವ ಅಲ್ಲಿಗೆ ಹೋಗಲಿ. ಮೊದಲ ಹಂತದಲ್ಲಿ 16 ಸಮುದಾಯ ಆರೋಗ್ಯ ಕೇಂದ್ರಗಳೂ 5 ಸೆರೆಮನೆಗಳೂ ಸೇರಿದವು. ವಾರಕ್ಕೊಮ್ಮೆ ಗೊತ್ತುಪಡಿಸಿದ ಹೊತ್ತಿಗೆ ಈ ಕೇಂದ್ರಗಳ ವೈದ್ಯರೂ ವಿಶ್ವವಿದ್ಯಾಲಯದ ತಂಡವೂ ವಿಡಿಯೊ ಮೂಲಕ ಒಟ್ಟಾಗುತ್ತಿದ್ದರು. ತಂಡದಲ್ಲಿ ಯಕೃತ್ ತಜ್ಞರ ಜೊತೆಗೆ ಮನೋವೈದ್ಯರು, ಔಷಧಗಳ ತಜ್ಞರು ಇರುತ್ತಿದ್ದರು.

ಸಭೆಯ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಒಂದು ಕಿರು ಪಾಠದ ಹೊರತು ಉಳಿದ ಸಮಯವೆಲ್ಲ ಪ್ರಕರಣಗಳಿಗೆ ಮೀಸಲು. ಮಂಡಿಸುವ ವೈದ್ಯರು ರೋಗಿಯ ಹೆಸರು, ಗುರುತು ಬಿಟ್ಟು ಉಳಿದದ್ದನ್ನು ಹೇಳುತ್ತಾರೆ: ವಯಸ್ಸು, ಪರೀಕ್ಷೆಯ ಫಲಿತಾಂಶಗಳು, ಈವರೆಗೆ ಕೊಟ್ಟ ಔಷಧ, ಮನೆಯ ಪರಿಸ್ಥಿತಿ. ಬಳಿಕ, ತಮಗೆ ತೀರ್ಮಾನಿಸಲಾಗದೆ ನಿಂತದ್ದು ಎಲ್ಲಿ ಎಂಬುದನ್ನು ಸ್ಪಷ್ಟ ಪ್ರಶ್ನೆಯಾಗಿ ಮುಂದಿಡುತ್ತಾರೆ. ಮೊದಲು ಉತ್ತರಿಸುವವರು ತಜ್ಞರಲ್ಲ. ಇತರ ಊರುಗಳ ವೈದ್ಯರು ಪ್ರಶ್ನೆ ಕೇಳಿ, ತಾವಾಗಿದ್ದರೆ ಏನು ಮಾಡುತ್ತಿದ್ದೆವೆಂದು ಹೇಳಿದ ಮೇಲೆ ತಜ್ಞರ ಮಾತು. ಸಲಹೆ ಲಿಖಿತವಾಗಿಯೂ ಹೋಗುತ್ತದೆ. ಕೆಲವು ವಾರಗಳ ನಂತರ ಅದೇ ಪ್ರಕರಣ ಮತ್ತೆ ಸಭೆಗೆ ಬಂದು, ಕೊಟ್ಟ ಸಲಹೆ ಫಲಿಸಿತೇ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಈ ಕ್ರಮದ ನಿಜವಾದ ಶಕ್ತಿ ಇಲ್ಲಿದೆ. ಫೋನಿನಲ್ಲಿ ಪರಿಚಿತ ತಜ್ಞರನ್ನು ಕೇಳಿದರೆ ಒಬ್ಬ ರೋಗಿಯ ಸಮಸ್ಯೆ ಬಗೆಹರಿಯಬಹುದು. ಸಭೆಯಲ್ಲಿ ಕೇಳಿದರೆ ಇಪ್ಪತ್ತು ಊರುಗಳ ವೈದ್ಯರು ಆ ತೀರ್ಮಾನದ ಹಿಂದಿನ ತರ್ಕವನ್ನು ಕಲಿಯುತ್ತಾರೆ. ಮುಂದಿನ ಬಾರಿ ಅಂಥದೇ ರೋಗಿ ಬಂದಾಗ ಅವರಿಗೆ ಕೇಳುವ ಅಗತ್ಯವೇ ಬೀಳದಿರಬಹುದು.

2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆ ಈ ಯೋಜನೆಯ ಫಲಿತಾಂಶಗಳನ್ನು ಪ್ರಕಟಿಸಿತು. ಒಟ್ಟು 407 ರೋಗಿಗಳಲ್ಲಿ 146 ಮಂದಿ ವಿಶ್ವವಿದ್ಯಾಲಯದಲ್ಲಿ, 261 ಮಂದಿ ಎಕೋ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆದಿದ್ದರು. ವೈರಸ್ ಸಂಪೂರ್ಣ ಮರೆಯಾದವರ ಪ್ರಮಾಣ ವಿಶ್ವವಿದ್ಯಾಲಯದಲ್ಲಿ ಶೇ. 57.5, ಎಕೋ ಕೇಂದ್ರಗಳಲ್ಲಿ ಶೇ. 58.2. ಗಂಭೀರ ಅಡ್ಡಪರಿಣಾಮಗಳು ಕ್ರಮವಾಗಿ ಶೇ. 13.7 ಮತ್ತು 6.9. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಿರಲಿಲ್ಲ; ಹೀಗಾಗಿ ಹಳ್ಳಿಯ ಚಿಕಿತ್ಸೆಯೇ ಮೇಲು ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಆದರೆ ತಜ್ಞರಲ್ಲದವರ ಕೈಯಲ್ಲಿ ಇಂಥ ಔಷಧ ಅಪಾಯಕಾರಿ ಎಂಬ ಭಯ ಮಾತ್ರ ಆಧಾರ ಕಳೆದುಕೊಂಡಿತು. ಆಮೇಲೆ ಮಧುಮೇಹ, ಎಚ್‌ಐವಿ, ದೀರ್ಘಕಾಲದ ನೋವು, ಮಾದಕ ವ್ಯಸನ ಮುಂತಾದವಕ್ಕೂ ಈ ವಿಧಾನ ಹರಡಿತು.

ಭಾರತದಲ್ಲಿ ಇದರ ದೊಡ್ಡ ಪ್ರಯೋಗ ನಡೆದದ್ದು ಪಂಜಾಬಿನಲ್ಲಿ. ಅಷ್ಟರಲ್ಲಿ ಹೆಪಟೈಟಿಸ್ ಸಿಗೆ ಕೆಲವೇ ವಾರಗಳಲ್ಲಿ ಗುಣಪಡಿಸುವ ಮಾತ್ರೆಗಳು ಬಂದಿದ್ದವು. 2016ರಲ್ಲಿ ರಾಜ್ಯ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿದಾಗ ಜಿಲ್ಲಾ ಆಸ್ಪತ್ರೆಗಳ ವೈದ್ಯರಿಗೆ ಚಂಡೀಗಢದ ಪಿಜಿಐ ಸಂಸ್ಥೆಯ ತಜ್ಞರು ಎಕೋ ಸಭೆಗಳ ಮೂಲಕ ಮಾರ್ಗದರ್ಶನ ನೀಡಿದರು. ಗುಣವಾದವರ ಪ್ರಮಾಣ ಶೇ. 90ನ್ನು ದಾಟಿತು.

ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ವ್ಯಸನ ಮತ್ತು ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಈ ವಿಧಾನ ಬಳಸುತ್ತಿದೆ. ಛತ್ತೀಸಗಢದ ಜಿಲ್ಲೆಗಳ ಆಪ್ತಸಮಾಲೋಚಕರಿಗೂ ತರಬೇತಿ ಕೊಟ್ಟಿದೆ. ವ್ಯಸನ ಚಿಕಿತ್ಸೆಯಲ್ಲಿ ಎದುರಾಗುವ ಸಂದಿಗ್ಧಗಳು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ತೀರ ಪರಿಚಿತ. ಕುಡಿತ ನಿಲ್ಲಿಸಿದ ಎರಡು ಮೂರು ದಿನಕ್ಕೆ ನಡುಕ, ಬೆವರು, ಇಲ್ಲದ್ದು ಕಾಣುವ ಭ್ರಮೆ ಶುರುವಾದ ವ್ಯಕ್ತಿಯನ್ನು ಮನೆಯವರು ಹಿಡಿದು ತರುತ್ತಾರೆ. ಯಕೃತ್ತೂ ಹಾಳಾಗಿದ್ದರೆ ಡಯಾಜೆಪಾಮ್ ಮೈಯಲ್ಲೇ ಉಳಿದು ಮಂಪರು ಹೆಚ್ಚಿಸಬಹುದು, ಲೊರಾಜೆಪಾಮ್ ಲೇಸು, ಥಯಾಮಿನ್ ಮರೆಯುವಂತಿಲ್ಲ. ಇಲ್ಲೇ ನೋಡಿಕೊಳ್ಳಬಹುದೋ, ಈಗಲೇ ರೆಫರ್ ಮಾಡಬೇಕೋ ಎಂಬ ನಿರ್ಧಾರ ಡ್ಯೂಟಿಯಲ್ಲಿರುವ ವೈದ್ಯರದು. ನಿಮ್ಹಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಮ್ಮದೇ ಒಪಿಡಿಯಲ್ಲಿ ರೋಗಿಗಳನ್ನು ನೋಡುತ್ತಿರುವಾಗ ಮನೋವೈದ್ಯರು ವಿಡಿಯೊದಲ್ಲಿ ಜೊತೆಗಿದ್ದು ಕಲಿಸುವ ಪದ್ಧತಿಯನ್ನೂ ರೂಪಿಸಿದೆ.

ಸಲಹೆ ತಜ್ಞರದಾದರೂ ಹೊಣೆ ಯಾರದು? ಕೇಂದ್ರ ಸರ್ಕಾರದ 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಇದನ್ನು ಸ್ಪಷ್ಟಪಡಿಸಿದೆ: ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿದ ಮೇಲೂ ಕೇಳಿದವರೇ ಚಿಕಿತ್ಸಕರು, ಚಿಕಿತ್ಸೆಯ ಜವಾಬ್ದಾರಿ ಅವರದೇ. ರೋಗಿಯ ಮುಖ, ಮೈಬಣ್ಣ, ಉಸಿರು ಕಾಣುವವರು ಅವರೇ ಆದ್ದರಿಂದ ಇದು ನ್ಯಾಯವೂ ಹೌದು.

ಈ ವಿಧಾನಕ್ಕೆ ಮಿತಿಗಳುಂಟು. ಹೃದಯಾಘಾತ, ಹೆರಿಗೆಯ ರಕ್ತಸ್ರಾವ ವಾರದ ಸಭೆಗೆ ಕಾಯುವುದಿಲ್ಲ. ಅವಕ್ಕೆ ಟೆಲಿ-ಐಸಿಯು, ತಜ್ಞರೊಡನೆ ತಕ್ಷಣದ ನೇರ ಸಂಪರ್ಕ, ಎಲ್ಲಕ್ಕಿಂತ ಮುಖ್ಯವಾಗಿ ಆಂಬುಲೆನ್ಸ್ ಬೇಕು. ಹೆಪಟೈಟಿಸ್ ಸಿ ವಿಷಯದಲ್ಲಿ ರೋಗಿಗೆ ಲಾಭವಾದದ್ದಕ್ಕೆ ಪುರಾವೆ ಗಟ್ಟಿ. ಬೇರೆ ಹಲವು ಕಾಯಿಲೆಗಳಲ್ಲಿ ಅಧ್ಯಯನಗಳು ಹೆಚ್ಚಾಗಿ ಅಳೆದಿರುವುದು ವೈದ್ಯರ ಜ್ಞಾನ, ಆತ್ಮವಿಶ್ವಾಸಗಳನ್ನು. ಇನ್ನು ಒಬ್ಬರೇ ವೈದ್ಯರಿರುವ ಕೇಂದ್ರದಲ್ಲಿ, ಹೊರಗೆ ರೋಗಿಗಳ ಸಾಲು ನಿಂತಿರುವಾಗ ಸಭೆಗೆ ಕೂರುವುದು ಕಷ್ಟ. ಆ ಹೊತ್ತನ್ನು ಡ್ಯೂಟಿಯ ಭಾಗವೆಂದೇ ಲೆಕ್ಕ ಹಿಡಿದು, ಬದಲಿ ವ್ಯವಸ್ಥೆ ಮಾಡಿಕೊಟ್ಟ ಕಡೆ ವೈದ್ಯರು ಸಭೆ ತಪ್ಪಿಸದೆ ಬರುವುದು ಸುಲಭವಾಗುತ್ತದೆ.