ಸಿಡಿಲು ಹಚ್ಚದ ಕಾಳ್ಗಿಚ್ಚು

ಏಪ್ರಿಲ್ ತಿಂಗಳ ಇಳಿಹೊತ್ತು. ಕೆ.ಆರ್. ಪುರದ ಕಡೆ ಮೋಡ ಕಪ್ಪಾಗಿ ಹಲಸೂರು ಕೆರೆಯ ಮೇಲೆ ಮಿಂಚು ಹೊಳೆದರೆ, ಇಂದಿರಾನಗರದ ಮನೆಗಳಲ್ಲಿ ಮೊದಲು ಒಣಹಾಕಿದ ಬಟ್ಟೆ ಒಳಗೆ ಬರುತ್ತದೆ. ಗುಡುಗಿನ ಬೆನ್ನಿಗೇ ಮಳೆ ಎಂಬುದು ಇಲ್ಲಿಯ ಜನರ ಅನುಭವ. ಆದರೆ ಲೋಕದ ಎಲ್ಲೆಡೆಯೂ ಹೀಗಿಲ್ಲ.

ಮೋಡ ಬಹಳ ಎತ್ತರದಲ್ಲಿದ್ದು ಕೆಳಗಿನ ಗಾಳಿ ಕಾದು ಒಣಗಿದ್ದರೆ, ಮಳೆಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಸಿಡಿಲು ಮಾತ್ರ ನೆಲಕ್ಕೆ ಬಡಿಯುತ್ತದೆ. ಇದೇ ಒಣ ಸಿಡಿಲು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇಂಥ ಸಿಡಿಲುಗಳು ನೂರಾರು ಕಡೆ ಬೆಂಕಿ ಹೊತ್ತಿಸಿದವು. ಹಲವು ಬೆಂಕಿಗಳು ಒಂದಾಗಿ 10 ಲಕ್ಷ ಎಕರೆಗೂ ಹೆಚ್ಚು ಪ್ರದೇಶವನ್ನು ಸುಟ್ಟವು.

ಕರ್ನಾಟಕದ ಲೆಕ್ಕ ಬೇರೆ. ಇಲ್ಲಿ ಕಾಡು ಹೆಚ್ಚಾಗಿ ಉರಿಯುವುದು ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ. ಎಲೆ ಉದುರಿ, ಹುಲ್ಲು ಒಣಗಿ ನಿಂತಾಗ. ಗುಡುಗು ಸಿಡಿಲಿನ ಕಾಲ ಅದರ ನಂತರದ್ದು. ಅಶ್ವಿನಿ, ಭರಣಿ ಮಳೆಗಳು ಸಿಡಿಲಿನೊಂದಿಗೆ ನೀರನ್ನೂ ತರುತ್ತವೆ. ಆದ್ದರಿಂದ ನಮ್ಮ ಕಾಳ್ಗಿಚ್ಚಿನ ಮೂಲ ಬಹುಪಾಲು ಮನುಷ್ಯನ ಕೈಯಲ್ಲಿದೆ.

ಆ ಕೈಯನ್ನು ತಡೆಯುವ ಯತ್ನ ಹಳೆಯದು. ಮೈಸೂರು ರಾಜ್ಯವನ್ನು ಬ್ರಿಟಿಷ್ ಕಮಿಷನರು ಬೆಂಗಳೂರಿನಿಂದ ಆಳುತ್ತಿದ್ದಾಗ, 1864ರಲ್ಲಿ, ಇಲ್ಲಿ ಅರಣ್ಯ ಇಲಾಖೆ ಆರಂಭವಾಯಿತು. 1878ರ ಭಾರತೀಯ ಅರಣ್ಯ ಕಾಯ್ದೆ ಕಾಯ್ದಿಟ್ಟ ಕಾಡಿನಲ್ಲಿ ಬೆಂಕಿ ಇಡುವುದನ್ನು ಅಪರಾಧವೆಂದು ಸಾರಿತು. ಬೆಲೆಬಾಳುವ ಮರಮಟ್ಟನ್ನು ಉಳಿಸಬೇಕಿದ್ದ ಸರ್ಕಾರಕ್ಕೆ ಬೆಂಕಿಯೆಲ್ಲವೂ ಶತ್ರುವಾಗಿ ಕಂಡಿತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತಿಳಿವಳಿಕೆ ಇದಕ್ಕಿಂತ ಭಿನ್ನ. ಬೇಸಿಗೆ ಬಲಿಯುವ ಮೊದಲೇ ಅವರು ಹಚ್ಚುತ್ತಿದ್ದ 'ತರಗು ಬೆಂಕಿ' ನೆಲದ ಒಣ ಎಲೆಯನ್ನಷ್ಟೇ ಸುಟ್ಟು ಆರುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾದ ಮೇಲೆ ಈ ರೂಢಿ ನಿಂತಿತು. ಲಂಟಾನದ ಪೊದೆ ಹಬ್ಬಲು ಇದೂ ಒಂದು ಕಾರಣವೆಂದು ಸೋಲಿಗರು ಹೇಳುತ್ತಾರೆ. ಒಣಗಿದ ಲಂಟಾನ ನೆಲದ ಕಿಚ್ಚನ್ನು ಮರದ ತಲೆಗೇ ಏರಿಸಬಲ್ಲದು.

2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಆಕಾಶದಲ್ಲಿ ಸಿಡಿಲಿರಲಿಲ್ಲ. ಬೆಂಕಿ ಇಟ್ಟವರು ಮನುಷ್ಯರೇ ಎಂದು ಇಲಾಖೆ ಹೇಳಿತು. ಒಣ ಹುಲ್ಲು, ಲಂಟಾನ, ಬೀಸುಗಾಳಿ ಸೇರಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಕರಕಲಾಯಿತು. ನಂದಿಸಲು ವಾಯುಪಡೆಯ ಹೆಲಿಕಾಪ್ಟರುಗಳೇ ಬರಬೇಕಾಯಿತು.

ಇಂದಿಗೂ ಬೇಸಿಗೆಗೆ ಮೊದಲು ಇಲಾಖೆಯ ಸಿಬ್ಬಂದಿ ಬೆಂಕಿ ರೇಖೆ ಕಡಿದು ಹಗಲಿರುಳು ಕಾಯುತ್ತಾರೆ. ಆದರೆ ಬಿಸಿಲೂ ಏರುತ್ತಿದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಮಾವಿನ ಮಳೆ ತಡವಾದಷ್ಟೂ ಕಾಡು ಒಣಗಿ ನಿಲ್ಲುವ ದಿನಗಳು ಹೆಚ್ಚುತ್ತವೆ. ಶಿವಾಜಿನಗರದ ಸಂತೆಬೀದಿಯಲ್ಲಿ ವ್ಯಾಪಾರ ಕೆಡಿಸುವ ಬೇಸಿಗೆಯ ಗುಡುಗು ಮಳೆ, ಕಾಡು ಕಾಯುವವರ ಪಾಲಿಗೆ ಆ ವರ್ಷದ ಮೊದಲ ನೆಮ್ಮದಿಯ ನಿದ್ದೆ.